ಹೈದರನ ವರಹ: ಸವೆದಿದ್ದಾ, ಅಚ್ಚೇ ಸರಿಯಾಗಿ ಕೂತಿಲ್ವಾ?

"ವರಹಕ್ಕೆ ಏನ್ರೀ ಗ್ರೇಡು? ತೂಕ ಹಾಕಿ, ಚಿನ್ನದ ರೇಟು ನೋಡಿ, ಮೇಲೆ ಒಂದಿಷ್ಟು ಇಟ್ಟು ಮಾರಿ." ನಾಣ್ಯದ ಸವೆತ ನೋಡಿ ದರ್ಜೆ ಹೇಳಲು ನಾನು ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ಕೂತಾಗೆಲ್ಲ ನಮ್ಮೂರಿನ ಹಿರಿಯ ವ್ಯಾಪಾರಿಯೊಬ್ಬರು ಹೀಗೇ ರೇಗಿಸುತ್ತಿದ್ದರು. ಹೋದ ಡಿಸೆಂಬರ್‌ನಲ್ಲಿ ಅವರೇ ಒಂದು ಪೊಟ್ಟಣ ತಂದು ನನ್ನ ಮುಂದಿಟ್ಟರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಮೊದಲು ಕೈ ಸುಟ್ಟುಕೊಂಡ ಕಥೆ. 2018ರಲ್ಲಿ ಎರಡು ಹೈದರಿ ವರಹ (ಹೈದರ್ ಅಲಿಯ ಚಿನ್ನದ ನಾಣ್ಯ, ಮುಂದುಗಡೆ ಶಿವಪಾರ್ವತಿ) ಒಟ್ಟಿಗೆ ನೋಡಲು ಸಿಕ್ಕವು. ಒಂದಕ್ಕೆ 17 ಸಾವಿರ ಹೇಳಿದರು. ಅದರಲ್ಲಿ ಶಿವನ ಮುಖವೂ ಇಲ್ಲ, ಪಾರ್ವತಿಯ ಮುಖವೂ ಇಲ್ಲ, ಬರೀ ಚಪ್ಪಟೆ. ಇನ್ನೊಂದು ಫಳಫಳ ಹೊಳೀತಿತ್ತು. 26 ಸಾವಿರ ಕೊಟ್ಟು ಹೊಳೆಯೋದನ್ನೇ ತಂದೆ. ಆಗ ಚಿನ್ನ ಗ್ರಾಂಗೆ ಮೂರು ಸಾವಿರದ ಆಸುಪಾಸು. ಆಮೇಲೆ ಗೊತ್ತಾಯ್ತು, ಅದು ಅಕ್ಕಸಾಲಿ ಹತ್ತಿರ ಪಾಲಿಶ್ ಮಾಡಿಸಿದ್ದು. ಮಾರುವಾಗ ಸುಮಾರು ಒಂಬತ್ತು ಸಾವಿರ ನಷ್ಟ ಆಯ್ತು. ನಾನು ಬಿಟ್ಟುಬಂದ ಚಪ್ಪಟೆ ಮುಖದ ವರಹ ಎರಡು ವರ್ಷ ಬಿಟ್ಟು ಹರಾಜಿನಲ್ಲಿ ನಲವತ್ತು ಸಾವಿರದ ಹತ್ತಿರ ಹೋಯ್ತು!

ಅದ್ಯಾಕೆ ಅಂತ ತಲೆ ಕೆಡಿಸಿಕೊಂಡಾಗ ಹೊಳೆದದ್ದು ಇಷ್ಟು. ಮುಖ ಸವೆದಿರಲಿಲ್ಲ, ಅಲ್ಲಿಗೆ ಅಚ್ಚೇ ಸರಿಯಾಗಿ ಬಿದ್ದಿರಲಿಲ್ಲ. ಇದನ್ನು ಮುಂದುಗಡೆ ನೋಡಿ ಹೇಳೋದು ಕಷ್ಟ. ಹಿಂದುಗಡೆ ನೋಡಬೇಕು.

1763ರಲ್ಲಿ ಇಕ್ಕೇರಿ ನಾಯಕರ ರಾಜಧಾನಿ ಬಿದನೂರು ಗೆದ್ದ ಹೈದರ್ ಇಕ್ಕೇರಿ ವರಹದ ಶಿವಪಾರ್ವತಿಯನ್ನು ಹಾಗೇ ಉಳಿಸಿಕೊಂಡ. ಹಿಂದೆ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರವನ್ನು ಪಾರಸಿಯಲ್ಲಿ ಹಾಕಿಸಿದ. ಆ ಅಕ್ಷರದ ಸುತ್ತ ರವೆ ಚೆಲ್ಲಿದ ಹಾಗೆ ಚುಕ್ಕಿಗಳಿವೆಯಲ್ಲ, ನನ್ನ ಅಳತೆಗೋಲು ಅದೇ. ಕೈ ಬದಲಾಗದ ನಾಣ್ಯದಲ್ಲಿ ಆ ಚುಕ್ಕಿಗಳು ರಾಗಿಕಾಳಿನಂತೆ ದುಂಡಗಿರುತ್ತವೆ, ಒಂದೊಂದಕ್ಕೂ ಬೇರೆ ಬೇರೆ ನೆರಳು ಬೀಳುತ್ತದೆ. ಸ್ವಲ್ಪ ಸವೆದರೆ ನೆತ್ತಿ ಚಪ್ಪಟೆಯಾಗುತ್ತದೆ. ಜಾಸ್ತಿ ಸವೆದರೆ ಪಕ್ಕದ ಎರಡು ಚುಕ್ಕಿ ಅಂಟಿಕೊಂಡಂತೆ ಕಾಣುತ್ತವೆ. ಅಕ್ಷರಕ್ಕೆ ತೀರಾ ಅಂಟಿರುವ ಚುಕ್ಕಿ ಲೆಕ್ಕಕ್ಕಿಲ್ಲ, ಅದಕ್ಕೆ ಅಕ್ಷರವೇ ಕಾವಲು. ಅಕ್ಷರಕ್ಕೂ ಅಂಚಿಗೂ ನಡುವಿನವನ್ನು ನೋಡಿ. ಮುಖ ಚಪ್ಪಟೆ, ಚುಕ್ಕಿ ದುಂಡಗೆ ಅಂದರೆ ಅಚ್ಚಿನ ದೋಷ. ಎರಡೂ ಚಪ್ಪಟೆ ಅಂದರೆ ನಿಜವಾದ ಸವೆತ.

ಹತ್ತು ಪಟ್ಟಿನ ಲೂಪು, ಒಂದೇ ಒಂದು ಸಣ್ಣ ಬಲ್ಬು, ಬೆಳಕು ಓರೆಯಾಗಿ ಬೀಳಬೇಕು. ಬಲ್ಬು ಅಲ್ಲಾಡಿಸಬೇಡಿ, ನಾಣ್ಯ ತಿರುಗಿಸಿ. ಬಲ್ಬಿನ ಮುಂದೆ ನಾನು ಒಂದು ವಸ್ತು ಇಡುತ್ತೇನೆ. ಅದೇನು ಅಂತ ಸದ್ಯಕ್ಕೆ ಹೇಳಲ್ಲ, ಕ್ಷಮಿಸಿ. ಸವೆತಕ್ಕೆ ಹತ್ತರಲ್ಲಿ ಅಂಕ, ಅಚ್ಚಿಗೆ ಬೇರೆ ಹತ್ತು. ವಿಎಫ್, ಎಕ್ಸ್‌ಎಫ್ ಅನ್ನೋ ಮಾಮೂಲಿ ದರ್ಜೆಗಳೆಲ್ಲ ಆಮೇಲೆ.

ಈ ಲೆಕ್ಕ ಕೈಕೊಟ್ಟದ್ದೂ ಉಂಟು. ಒಂದು ವರಹದ ಚುಕ್ಕಿಗಳೆಲ್ಲ ನುಣ್ಣಗಾಗಿದ್ದವು, ಆದರೆ ಮುಂದೆ ಪಾರ್ವತಿಯ ಸೊಂಟದ ಮಡಿಕೆ ಕೂಡ ಕಾಣುತ್ತಿತ್ತು. ಎರಡು ದಿನ ಅದೇ ಯೋಚನೆ. ಕೊನೆಗೆ ಅಂಚು ನೋಡಿದೆ. ಶಿವನ ತಲೆಯ ಮೇಲ್ಭಾಗದಲ್ಲಿ ಸಾಸಿವೆಯಷ್ಟು ಜಾಗ ಬಣ್ಣ ಕೊಂಚ ಪೇಲವ. ಬೆಸುಗೆ! ಯಾರದೋ ಕಾಸಿನ ಸರದಲ್ಲಿದ್ದ ನಾಣ್ಯ, ಕೊಂಡಿ ಕಿತ್ತು ಉಜ್ಜಿದ್ದಾರೆ. ದೇವರು ಹೊರಗೆ, ಅಕ್ಷರ ಎದೆಗೆ. ಸೀರೆಗೆ ಉಜ್ಜಿ ಉಜ್ಜಿ ಹಿಂದುಗಡೆ ಮಾತ್ರ ಸವೆದಿತ್ತು. ಈಗ ಮೊದಲು ಅಂಚು ಒಂದು ಸುತ್ತು ನೋಡಿಯೇ ಮುಂದಿನ ಕೆಲಸ.

ನಾನೇ ಕೆಡಿಸಿದ್ದೂ ಇದೆ. ಒಡವೆ ತೊಳೆಯುವ ಹಾಗೆ ಅಂಟುವಾಳದ ನೀರಲ್ಲಿ ನೆನೆಸಿ ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿದೆ. ಅಂಟುವಾಳದ ತಪ್ಪಲ್ಲ, ಬ್ರಷ್‌ದು. ಕೂದಲೆಳೆಯಂಥ ಗೀರುಗಳು. ಎಂಟು ಸಾವಿರಕ್ಕೆ ಪಂಗನಾಮ. ಈಗ ಅಸಿಟೋನ್‌ನಲ್ಲಿ ಅದ್ದುತ್ತೇನೆ, ಉಜ್ಜುವ ಮಾತೇ ಇಲ್ಲ.

ನಡುವೆ ನೀರಿನ ತೂಕದ ಹುಚ್ಚೂ ಹಿಡಿದಿತ್ತು. ತಕ್ಕಡಿ ಮೇಲಿಟ್ಟ ನೀರಿನ ಲೋಟದಲ್ಲಿ ನಾಣ್ಯವನ್ನು ದಾರ ಕಟ್ಟಿ, ತಳ ತಾಕದಂತೆ ಮುಳುಗಿಸೋದು. ನಾಣ್ಯದ ತೂಕವನ್ನು ಆಗ ಏರಿದ ತೂಕದಿಂದ ಭಾಗಿಸಿದರೆ ಸಾಂದ್ರತೆ, ಚಿನ್ನ ಎಷ್ಟು ಶುದ್ಧ ಅಂತ ಅದರಿಂದ ಅಂದಾಜು. ಸವರನ್ನಿಗೆ (ಬ್ರಿಟಿಷ್ ಚಿನ್ನದ ನಾಣ್ಯ) ಸಲೀಸು, 7.98 ಗ್ರಾಂಗೆ 0.45 ಬಂದರೆ 17.7. ವರಹ ಇರೋದೇ 3.4 ಗ್ರಾಂ. ನನ್ನ ತಕ್ಕಡಿ 0.18 ತೋರಿಸಿದರೆ 18.9, 0.20 ತೋರಿಸಿದರೆ 17. ಏನಂತ ನಂಬೋದು? ಮಿಲಿಗ್ರಾಂ ತಕ್ಕಡಿಗೆ ನಾಲ್ಕೂವರೆ ಸಾವಿರ ಸುರಿದ ಮೇಲೆ ಪರವಾಗಿಲ್ಲ. ಕಂಠೀರವ ಹಣಕ್ಕೂ (ಮೈಸೂರಿನ ಪುಟ್ಟ ಚಿನ್ನದ ನಾಣ್ಯ) ಪ್ರಯತ್ನಿಸಿದೆ. ಗ್ರಾಮಿನ ಮೂರನೇ ಒಂದು ಭಾಗದ ನಾಣ್ಯ ಅದು, ದಾರದ ಒದ್ದೆಯೇ ಲೆಕ್ಕ ಕೆಡಿಸುತ್ತದೆ. ಬಿಟ್ಟೆ.

ಗೆಳೆಯರಿಬ್ಬರು ಒಮ್ಮೆ 14 ವರಹ ಇಟ್ಟು ಪರೀಕ್ಷೆ ಮಾಡಿದರು. ಅವರು ಮೊದಲೇ ಬರೆದಿಟ್ಟ ಗ್ರೇಡಿಗೆ ನನ್ನದು 11ರಲ್ಲಿ ಸರಿಹೊಂದಿತು. ಉಳಿದ ಮೂರರಲ್ಲಿ ಒಂದು ಅವರದೇ ತಪ್ಪು ಅಂತ ಈಗಲೂ ವಾದಿಸುತ್ತೇನೆ.

ಆ ಹಿರಿಯರ ಪೊಟ್ಟಣದಲ್ಲಿ ಏಳಿದ್ದವು. ಮುಖವಿಲ್ಲದ ಒಂದನ್ನು ಕರಗಿಸಲು ಬೇರೆ ಇಟ್ಟಿದ್ದರು. ತಿರುಗಿಸಿದೆ. ಚುಕ್ಕಿಗಳು ರಾಗಿಕಾಳು! ಮುಖದಲ್ಲಿ ಏನೂ ತೋರಿಸದೆ, "ಇದನ್ನ ಎಷ್ಟಕ್ಕೆ ಕೊಡ್ತೀರಿ ಯಜಮಾನ್ರೇ?" ಅಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ನಗುತ್ತಾ ಅದನ್ನು ಎತ್ತಿ ಒಳಜೇಬಿಗೆ ಹಾಕಿಕೊಂಡರು.