‘ಪೋಲ್‌ಸ್ಕಾ ಕ್ರೆಫ್’ ನೋಡುವ ಬಗೆ: 1934ರ ಜೆಕ್ ಅಪೆರೆಟಾ ಚಿತ್ರಕ್ಕೊಂದು ಕೈಪಿಡಿ

ಜೆಕ್ ನೆಲದಲ್ಲಿ ವಾಕ್ಚಿತ್ರ ಬಂದು ಕೆಲವೇ ವರ್ಷಗಳಾಗಿದ್ದಾಗ, 1934ರಲ್ಲಿ, ಕಾರೆಲ್ ಲಮಾಚ್ ನಿರ್ದೇಶಿಸಿದ ಚಿತ್ರ ‘ಪೋಲ್‌ಸ್ಕಾ ಕ್ರೆಫ್’ (‘ಪೋಲಿಷ್ ರಕ್ತ’). ಅಪೆರೆಟಾ, ಅಂದರೆ ಹಾಡು ಮತ್ತು ಮಾತು ಬೆರೆತ ಲಘು ಸಂಗೀತ ನಾಟಕವೊಂದು, ಈ ಚಿತ್ರಕ್ಕೆ ಆಧಾರ. ಇದನ್ನು ಇಂದಿನ ಸಿನಿಮಾ ನೋಡುವ ಅಭ್ಯಾಸದಲ್ಲೇ ನೋಡಲು ಕುಳಿತರೆ ಬೇಗನೆ ಬೇಸರ ಬರಬಹುದು, ಏಕೆಂದರೆ ಮುಂದೇನಾಗುವುದೆಂಬ ಕುತೂಹಲಕ್ಕೆ ಇಲ್ಲಿ ಹೆಚ್ಚಿನ ಜಾಗವಿಲ್ಲ. ಆದ್ದರಿಂದ ಕಥೆಯನ್ನು ಮೊದಲೇ ತಿಳಿದುಕೊಂಡು, ಹಾಡು ಮತ್ತು ಮಾತುಗಳ ಕಡೆಗೆ ಗಮನ ಕೊಡುವುದು ಲೇಸು.

ಓದಿನಿಂದ ಆರಂಭಿಸಿ. ರಷ್ಯದ ಲೇಖಕ ಪುಷ್ಕಿನ್ ಬರೆದ ‘ಬೆಲ್ಕಿನ್‌ನ ಕಥೆಗಳು’ (1831) ಸಂಗ್ರಹದ ಕೊನೆಯ ಕಥೆಯಲ್ಲಿ ಜಮೀನ್ದಾರನ ಮಗಳೊಬ್ಬಳು, ನೆರೆಯ ಜಮೀನ್ದಾರನ ಮಗನನ್ನು ಕಾಣುವ ಆಸೆಯಿಂದ, ರೈತ ಹುಡುಗಿಯ ವೇಷ ತೊಡುತ್ತಾಳೆ. ನಾಟಕಕಾರ ಲಿಯೋ ಸ್ಟೈನ್ ಈ ಎಳೆಯನ್ನು ಪೋಲೆಂಡಿಗೆ ಒಯ್ದು, ಚಿತ್ರಕ್ಕೆ ಮೂಲವಾದ ಅಪೆರೆಟಾ ಬರೆದರು. ಜೆಕ್ ಸಂಗೀತಕಾರ ದ್ವೊರ್ಜಾಕ್‌ನ ಶಿಷ್ಯ ಆಸ್ಕರ್ ನೆಡ್ಬಲ್ ಅದಕ್ಕೆ ಸಂಗೀತ ಕೊಟ್ಟರು. 1913ರಲ್ಲಿ ವಿಯೆನ್ನಾದ ಕಾರ್ಲ್ ಥಿಯೇಟರ್‌ನಲ್ಲಿ ಅದು ರಂಗಕ್ಕೇರಿತು. ಅಪೆರೆಟಾದ ನಾಯಕಿ ಹೆಲೆನಾ, ತನ್ನನ್ನು ವರಿಸಲು ಒಲ್ಲೆನೆಂದ ಸಾಲದಲ್ಲಿ ಮುಳುಗಿದ ಕೌಂಟ್ ಬಾರಾನ್ಸ್ಕಿಯ ಮನೆಗೆ ಮೇಲ್ವಿಚಾರಕಿಯಾಗಿ ಹೋಗುತ್ತಾಳೆ, ಹಾಳುಬಿದ್ದ ಜಮೀನನ್ನು ಹದಕ್ಕೆ ತರುತ್ತಾಳೆ. ಪುಷ್ಕಿನ್ನನ ಹುಡುಗಿಗೆ ವೇಷವೊಂದು ತುಂಟಾಟ. ಹೆಲೆನಾಳಿಗಾದರೋ ಅದು ದಿನವಿಡೀ ದುಡಿಯುವ ಉದ್ಯೋಗ. ನಟಿಗೆ ಮಾಡಲು ಕೆಲಸ ಸಿಕ್ಕಿದ್ದು ಈ ಬದಲಾವಣೆಯಿಂದ ಎಂದು ನನ್ನ ಅಭಿಪ್ರಾಯ.

ಚಿತ್ರಕ್ಕೆ ಮುನ್ನ ಅಪೆರೆಟಾದ ಧ್ವನಿಮುದ್ರಣವೊಂದನ್ನು ಕೇಳಿಬಿಡಿ. ವಿಯೆನ್ನಾದ ವಾಲ್ಟ್ಸ್ ನೃತ್ಯದ ಲಯ ಎಲ್ಲಿ ಬರುತ್ತದೆ, ಪೋಲಿಷ್ ಜನಪದ ಕುಣಿತವಾದ ಮಜುರ್ಕಾ ಎಲ್ಲಿ ತಲೆಯೆತ್ತುತ್ತದೆ ಎಂಬುದು ಒಮ್ಮೆ ಕಿವಿಗೆ ಹತ್ತಿದರೆ, ವಾರ್ಸಾದ ನೃತ್ಯಕೂಟದಲ್ಲಿ ಆರಂಭವಾಗಿ ಹಳ್ಳಿಯ ಸುಗ್ಗಿಹಬ್ಬಕ್ಕೆ ಬಂದು ನಿಲ್ಲುವ ಕಥೆಯ ನಡೆ ಸಂಗೀತದಲ್ಲೇ ತಿಳಿಯುತ್ತದೆ.

ನೋಡುವಾಗ ಹೆಡ್‌ಫೋನ್ ಬಳಸಿ. ಆ ಕಾಲದ ಧ್ವನಿಪಟ್ಟಿಯಲ್ಲಿ ಏರುಸ್ವರಗಳು ಮಂಕಾಗಿಯೇ ಉಳಿದಿರುತ್ತವೆ. ಮಾತು ಹಾಡಿಗೆ ತಿರುಗುವ ಕ್ಷಣದಲ್ಲಿ ಕೋಣೆಯ ಪ್ರತಿಧ್ವನಿ ಬದಲಾಗುತ್ತದೆಯೇ, ಕ್ಯಾಮೆರಾ ಚಲಿಸುತ್ತದೆಯೇ ಅಥವಾ ರಂಗದ ಮುಂದಿನ ಪ್ರೇಕ್ಷಕನಂತೆ ಕುಳಿತೇ ಇರುತ್ತದೆಯೇ ಎಂದು ಗಮನಿಸಿ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ನಾಯಕಿ ಆನಿ ಓಂದ್ರಾಳ ಬಳಿ. 1929ರಲ್ಲಿ ಹಿಚ್‌ಕಾಕ್‌ನ ‘ಬ್ಲ್ಯಾಕ್‌ಮೇಲ್’ ಚಿತ್ರದಲ್ಲಿ ಆಕೆಯ ಇಂಗ್ಲಿಷ್ ಉಚ್ಚಾರಣೆ ಒಗ್ಗಲಿಲ್ಲ. ಆಕೆ ತುಟಿಯಾಡಿಸುತ್ತಿದ್ದಂತೆ ಕ್ಯಾಮೆರಾದ ಆಚೆ ನಿಂತು ಜೋನ್ ಬ್ಯಾರಿ ಎಂಬ ನಟಿ ಮಾತಾಡಿದಳು. ಅದರ ಒಂದೆರಡು ದೃಶ್ಯಗಳನ್ನು ನೋಡಿಕೊಂಡು ಇತ್ತ ಬಂದರೆ, ಸ್ವಂತ ಜೆಕ್ ಭಾಷೆಯಲ್ಲಿ ಮಾತಾಡುವ ಓಂದ್ರಾಳ ಮುಖಕ್ಕೂ ಧ್ವನಿಗೂ ಇರುವ ಹೊಂದಿಕೆ ಎದ್ದು ಕಾಣುತ್ತದೆ.

ಸಾಧ್ಯವಾದರೆ ಜರ್ಮನ್ ಆವೃತ್ತಿ ‘ಪೋಲೆನ್‌ಬ್ಲೂಟ್’ ಅನ್ನೂ ಹುಡುಕಿ. ಡಬ್ಬಿಂಗ್ ಪಳಗದಿದ್ದ ಆ ದಿನಗಳಲ್ಲಿ ಒಂದೇ ಕಥೆಯನ್ನು ಬೇರೆ ಬೇರೆ ಭಾಷೆಗಳಿಗಾಗಿ ಮತ್ತೆ ಮತ್ತೆ ಚಿತ್ರಿಸುವುದು ಯುರೋಪಿನಲ್ಲಿ ರೂಢಿಯಾಗಿತ್ತು. ಎರಡೂ ಭಾಷೆ ಬಲ್ಲ ಓಂದ್ರಾ ಎರಡರಲ್ಲೂ ಇದ್ದಾಳೆ. ಜರ್ಮನ್‌ನಲ್ಲಿ ನಟರಾದ ಹಾನ್ಸ್ ಮೋಸರ್, ಇವಾನ್ ಪೆತ್ರೊವಿಚ್ ಜೊತೆಗಿದ್ದಾರೆ. ಇಡೀ ಚಿತ್ರಗಳನ್ನು ಹೋಲಿಸುವ ಉಸಾಬರಿ ಬೇಡ. ಹೆಲೆನಾ ಕೌಂಟನ ಮನೆಗೆ ಮೊದಲು ಕಾಲಿಡುವ ದೃಶ್ಯವನ್ನಷ್ಟೇ ಎರಡರಲ್ಲೂ ನೋಡಿ, ನಗೆಯ ಮಾತು ಯಾವ ಭಾಷೆಯಲ್ಲಿ ಬೇಗ ಮುಗಿಯುತ್ತದೆ, ಎದುರಿನ ನಟ ಬದಲಾದಾಗ ಓಂದ್ರಾಳ ನಟನೆ ಎಷ್ಟು ಬದಲಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಪಾತ್ರವರ್ಗದ ವಿವರ ಬೇಕೆನಿಸಿದರೆ ಪ್ರಾಗ್‌ನ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ನಡೆಸುವ ‘ಫಿಲ್ಮೊವಿ ಪ್ರೆಹ್ಲೆದ್’ ಜಾಲತಾಣದಲ್ಲಿ ಹುಡುಕಬಹುದು.