ಐರ್ಲೆಂಡಿನಲ್ಲಿ ಗರ್ಭಪಾತದ ಹಕ್ಕು ಮತ್ತು ನಿಮ್ಮ ಮತ

ಐರ್ಲೆಂಡಿನ ಸಂವಿಧಾನವನ್ನು ಅಲ್ಲಿನ ಸಂಸತ್ತು ತಾನೊಂದೇ ತಿದ್ದಲಾರದು. ಒಂದು ಪದ ಬದಲಾಗಬೇಕಾದರೂ ಸಂಸತ್ತು ಅಂಗೀಕರಿಸಿದ ಮಸೂದೆಯನ್ನು ಜನಮತಗಣನೆಗೆ ಒಡ್ಡಿ ಬಹುಮತ ಪಡೆಯಬೇಕು. ಗರ್ಭಪಾತದ ಪ್ರಶ್ನೆ ಮೂರೂವರೆ ದಶಕ ಆ ದೇಶದ ರಾಜಕಾರಣವನ್ನು ಕಾಡಿದ್ದಕ್ಕೆ ಈ ನಿಯಮವೂ ಒಂದು ಕಾರಣ. 1983ರ ಎಂಟನೆಯ ತಿದ್ದುಪಡಿ ತಾಯಿಗೂ ಹುಟ್ಟಲಿರುವ ಶಿಶುವಿಗೂ ಜೀವಿಸುವ ಸಮಾನ ಹಕ್ಕಿದೆಯೆಂದು ಸಂವಿಧಾನದಲ್ಲಿಯೇ ಬರೆದುಬಿಟ್ಟದ್ದರಿಂದ, ಮುಂದೆ ಬಂದ ಯಾವ ಸರ್ಕಾರವೂ ಸಾಮಾನ್ಯ ಕಾನೂನಿನ ಮೂಲಕ ಅದನ್ನು ಸಡಿಲಿಸುವಂತಿರಲಿಲ್ಲ. 1992ರ ಜನಮತಗಣನೆಗಳಲ್ಲಿ ಸಿಕ್ಕದ್ದು ಗರ್ಭಪಾತಕ್ಕಾಗಿ ಹೊರದೇಶಕ್ಕೆ ಹೋಗುವ ಮತ್ತು ಅದರ ಬಗ್ಗೆ ಮಾಹಿತಿ ಪಡೆಯುವ ಸ್ವಾತಂತ್ರ್ಯ ಮಾತ್ರ.

ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಈ ಚರಿತ್ರೆ ಪರಕೀಯವಲ್ಲ. ಗಾಲ್ವೇ ನಗರದಲ್ಲಿ ನೆಲೆಸಿದ್ದ, ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ ಅವರಿಗೆ ಗರ್ಭ ನಿಲ್ಲುವುದಿಲ್ಲವೆಂದು ಖಚಿತವಾದ ಮೇಲೂ, ಭ್ರೂಣದ ಹೃದಯ ಬಡಿಯುತ್ತಿದೆಯೆಂಬ ಕಾರಣಕ್ಕೆ ಅವರು ಕೇಳಿದ ಗರ್ಭಪಾತ ಸಿಗಲಿಲ್ಲ. 2012ರ ಅಕ್ಟೋಬರ್ 28ರಂದು ಅವರು ನಂಜೇರಿ ತೀರಿಕೊಂಡರು. ಮರುವರ್ಷ ಬಂದ ಕಾನೂನು ತಾಯಿಯ ಜೀವಕ್ಕೆ ಅಪಾಯವಿದ್ದಾಗ ಮಾತ್ರ ಅವಕಾಶ ಕೊಟ್ಟಿತು. ಬಳಿಕ ಸಾಮಾನ್ಯ ಪ್ರಜೆಗಳಿಂದಲೇ ರಚಿತವಾದ ನಾಗರಿಕ ಸಭೆಯೊಂದು ತಿಂಗಳುಗಟ್ಟಲೆ ಚರ್ಚಿಸಿ ಬದಲಾವಣೆಗೆ ಶಿಫಾರಸು ಮಾಡಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಮತದಾರರು ಎಂಟನೆಯ ತಿದ್ದುಪಡಿಯನ್ನು ಕಿತ್ತುಹಾಕಿದರು. ವಿರೋಧಿಸಿದ ಕ್ಷೇತ್ರ ಡೊನೆಗಲ್ ಒಂದೇ.

ಇಲ್ಲಿ ಅನೇಕರು ಗಮನಿಸದ ಸಂಗತಿಯೊಂದಿದೆ. ಅಂದು ಜನ ಗರ್ಭಪಾತದ ಹಕ್ಕನ್ನು ಸಂವಿಧಾನದಲ್ಲಿ ಬರೆಯಲಿಲ್ಲ. ಅದನ್ನು ಕಾನೂನಿನ ಮೂಲಕ ನಿಯಂತ್ರಿಸಬಹುದೆಂದಷ್ಟೇ ಬರೆದರು. ಎಂದರೆ, ಅಧಿಕಾರ ಈಗ ಸಂಸತ್ತಿನ ಕೈಯಲ್ಲಿದೆ. 2019ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ 12 ವಾರಗಳವರೆಗೆ ಕಾರಣ ಹೇಳದೆಯೇ ಗರ್ಭಪಾತ ಮಾಡಿಸಿಕೊಳ್ಳಬಹುದು. ಆದರೆ ವಾರಗಳ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರುವಾಗುತ್ತದೆ, ಮತ್ತು ವೈದ್ಯರು ದೃಢೀಕರಿಸಿದ ಮೇಲೆ 3 ದಿನ ಕಾಯಲೇಬೇಕು. ಆದ್ದರಿಂದ ತಡಮಾಡುವುದು ದುಬಾರಿಯಾಗುತ್ತದೆ. 12 ವಾರ ದಾಟಿದ ಬಳಿಕ, ತಾಯಿಯ ಜೀವಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿಯ ಸಂಭವವಿದ್ದರೆ, ಇಲ್ಲವೇ ಭ್ರೂಣ ಬದುಕುಳಿಯಲಾರದ ಸ್ಥಿತಿಯಲ್ಲಿದ್ದರೆ ಮಾತ್ರ ಅವಕಾಶ. ದೇಶದಲ್ಲಿ ನೆಲೆಸಿರುವವರಿಗೆ ಸೇವೆ ಉಚಿತ, ಪೌರತ್ವ ಬೇಕಿಲ್ಲ. ಕಾನೂನು ಮೀರಿದ ವೈದ್ಯರಿಗೆ ಶಿಕ್ಷೆಯುಂಟು, ತನ್ನದೇ ಗರ್ಭದ ವಿಷಯದಲ್ಲಿ ಮಹಿಳೆಗೆ ಇಲ್ಲ. 2023ರಲ್ಲಿ ಪ್ರಕಟವಾದ ಪುನರ್ವಿಮರ್ಶಾ ವರದಿ ಮೂರು ದಿನಗಳ ಕಡ್ಡಾಯವನ್ನು ತೆಗೆಯಲು ಸೂಚಿಸಿತು. ತೆಗೆಯಲು ಜನಮತಗಣನೆ ಬೇಕಿಲ್ಲ, ಸಂಸತ್ತಿನಲ್ಲಿ ಬಹುಮತ ಸಾಕು. ಬಿಗಿಗೊಳಿಸುವುದಕ್ಕೂ ಅಷ್ಟೇ ಸಾಕೆಂಬುದನ್ನು ಮರೆಯಬಾರದು.

ಹಾಗಾದರೆ ನಮ್ಮ ಮತ ಎಲ್ಲಿ ನಿಲ್ಲುತ್ತದೆ? ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ 18 ತುಂಬಿದ ಯಾವ ನಿವಾಸಿಯೂ, ಯಾವ ದೇಶದ ಪ್ರಜೆಯಾಗಿದ್ದರೂ, ಮತ ಹಾಕಬಹುದು. ಈ ಉದಾರತೆಯನ್ನು ನಮ್ಮವರಲ್ಲಿ ಬಹಳ ಮಂದಿ ಬಳಸಿಕೊಳ್ಳುವುದೇ ಇಲ್ಲವೆಂಬುದು ನನ್ನ ಅನಿಸಿಕೆ. ಸಂಸತ್ತಿನ ಕೆಳಮನೆಯಾದ ಡಾಯ್ಲ್‌ನ ಚುನಾವಣೆಯಲ್ಲಿ ಐರಿಷ್ ಮತ್ತು ಬ್ರಿಟಿಷ್ ಪ್ರಜೆಗಳಿಗೆ ಮಾತ್ರ, ಜನಮತಗಣನೆಯಲ್ಲಿ ಐರಿಷ್ ಪ್ರಜೆಗಳಿಗೆ ಮಾತ್ರ ಹಕ್ಕು. ಸಾಮಾನ್ಯವಾಗಿ ಐದು ವರ್ಷಗಳ ಮಾನ್ಯ ವಾಸದ ಬಳಿಕ ಪೌರತ್ವಕ್ಕೆ ಅರ್ಜಿ ಹಾಕಬಹುದು, ಆದರೆ ವಿದ್ಯಾರ್ಥಿ ವೀಸಾದಲ್ಲಿ ಕಳೆದ ಕಾಲ ಆ ಲೆಕ್ಕಕ್ಕೆ ಬರುವುದಿಲ್ಲ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ, ಡಾಯ್ಲ್‌ನ ಮತಕ್ಕೆ ತೆರಬೇಕಾದ ಬೆಲೆ ಭಾರತದ ಪಾಸ್‌ಪೋರ್ಟ್.

ಮತದಾನದ ಕ್ರಮ ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆಯನ್ನು ಹೋಲುತ್ತದೆ: ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಪ್ರತಿ ಕ್ಷೇತ್ರದಿಂದ ಹಲವರು ಆಯ್ಕೆಯಾಗುವುದರಿಂದ ಕೆಳಗಿನ ಪ್ರಾಶಸ್ತ್ಯಗಳೂ ಫಲಿತಾಂಶವನ್ನು ತಿರುಗಿಸಬಲ್ಲವು. ಒಂದೇ ಪಕ್ಷದ ಅಭ್ಯರ್ಥಿಗಳು ಗರ್ಭಪಾತದ ವಿಷಯದಲ್ಲಿ ಬೇರೆಬೇರೆ ನಿಲುವು ತಳೆದಿರುವುದುಂಟು. ಪಕ್ಷದ ಚಿಹ್ನೆ ನೋಡಿ ಅಂಕಿ ಬರೆಯುವ ಮೊದಲು ವ್ಯಕ್ತಿಯ ನಿಲುವನ್ನೇ ವಿಚಾರಿಸುವುದು ಒಳಿತು.

ಅಭ್ಯರ್ಥಿಗಳಲ್ಲಿ ಕನಿಷ್ಠ ಶೇ. 40ರಷ್ಟು ಮಹಿಳೆಯರಿರದ ಪಕ್ಷ ಸರ್ಕಾರಿ ಅನುದಾನದ ಅರ್ಧವನ್ನು ಕಳೆದುಕೊಳ್ಳುತ್ತದೆ. ಹೀಗಿದ್ದರೂ 2024ರ ನವೆಂಬರ್ ಚುನಾವಣೆಯ ಬಳಿಕ ಡಾಯ್ಲ್‌ನಲ್ಲಿ ಮಹಿಳೆಯರ ಪಾಲು ಕಾಲುಭಾಗದ ಆಸುಪಾಸಿನಲ್ಲೇ ಉಳಿಯಿತು. ಅದೇ ವರ್ಷದ ಮಾರ್ಚ್‌ನಲ್ಲಿ, ಮಹಿಳೆಯ ಮನೆಯೊಳಗಿನ ಬದುಕನ್ನು ಕುರಿತ ಸಂವಿಧಾನದ ಹಳೆಯ ಸಾಲುಗಳನ್ನು ಬದಲಿಸುವ ಪ್ರಸ್ತಾವವನ್ನು ಮತದಾರರು ಭಾರಿ ಅಂತರದಿಂದ ತಳ್ಳಿಹಾಕಿದರು. ಬದಲಿಯಾಗಿ ಸೂಚಿಸಿದ್ದ ಪದಗಳ ಬಗ್ಗೆ ಮಹಿಳಾಪರ ವಲಯದಲ್ಲೂ ಆಕ್ಷೇಪಗಳಿದ್ದವು.

ಪೌರತ್ವವಿಲ್ಲದವರೂ ಕ್ಷೇತ್ರದ ಡಾಯ್ಲ್ ಸದಸ್ಯರನ್ನು ಭೇಟಿಯಾಗಬಹುದು, ಪತ್ರ ಬರೆಯಬಹುದು. ಪೌರತ್ವ ದೊರೆತವರು ಮತದಾರರ ಪಟ್ಟಿಯಲ್ಲಿನ ತಮ್ಮ ವಿವರವನ್ನು ತಿದ್ದಿಸಿಕೊಳ್ಳಬೇಕು. ಹಳೆಯ ನಮೂದು ಸ್ಥಳೀಯ ಚುನಾವಣೆಗೆ ಮಾತ್ರ ಸಲ್ಲುತ್ತದೆ.