ಮೇ ಬಿಸಿಲಿಗೆ ಸೀರೆ, ಆಟಿ ಮಳೆಗೆ ಸೂಜಿ

ಮೇ ತಿಂಗಳಲ್ಲಿ ಉಡುಪಿ ಕಡೆಯ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕಡೆ ಚಾಪೆ ಮೇಲೆ ಹಲಸಿನ ಹಪ್ಪಳ. ಇನ್ನೊಂದು ಕಡೆ ಹಗ್ಗದ ಮೇಲೆ ಹಳೇ ಕಾಟನ್ ಸೀರೆ, ಇವರ ಸವೆದ ಪಂಚೆ, ಮಗಳು ಬಿಟ್ಟುಹೋದ ಚೂಡಿದಾರ್. ಎರಡೂ ಮಳೆಗಾಲಕ್ಕೇ. ಹಪ್ಪಳ ಡಬ್ಬಕ್ಕೆ ಹೋಗುತ್ತದೆ, ಬಟ್ಟೆ ಟ್ರಂಕಿಗೆ.

ನಾನು ಕೌದಿ ಹೊಲಿಯುತ್ತೇನೆ, ಅಂದರೆ ಹಳೇ ಬಟ್ಟೆಗಳನ್ನು ಪದರ ಪದರ ಸೇರಿಸಿ ಹೊಲಿದ ಹೊದಿಕೆ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿದ್ದ ಕೆಲಸ ಅಲ್ಲ ಇದು. ಹುಚ್ಚು ಹತ್ತಿಸಿದ್ದು ಕೆನಡಾದ ವಿನಿಪೆಗ್‌ನಲ್ಲಿರುವ ತಂಗಿ. ಅಲ್ಲಿ ಜನವರಿಯಲ್ಲಿ ಮೈನಸ್ 20 ಡಿಗ್ರಿ ಮಾಮೂಲಿ, ಮೇಲಿಂದ ಗಾಳಿ. ಅವಳು ಮನೆಯೊಳಗೆ ಕೂತು ಕ್ವಿಲ್ಟ್ ಹೊಲಿಯುತ್ತಾಳೆ. ಬಿಸಿಲು ಕಂಡರೆ ದಪ್ಪ ಬೂಟು ಹಾಕಿಕೊಂಡು ಹಿಮದಲ್ಲಿ ಒಂದು ಸುತ್ತು ನಡೆದು ಬರುತ್ತಾಳೆ. ನಾನು ರಿಟೈರ್ ಆಗಿ, ಮಳೆಗಾಲ ಹೇಗಪ್ಪಾ ಕಳೆಯುವುದು ಎಂದು ಗೊಣಗುತ್ತಿದ್ದಾಗ ಫೋನಿನಲ್ಲಿ ಹೇಳಿದಳು: "ಅಕ್ಕ, ನೀನೂ ನಾಲ್ಕು ತಿಂಗಳು ಮನೆಯಲ್ಲೇ ಅಲ್ವಾ? ಅಲ್ಲಿ ಹಿಮದ ಬದಲು ನೀರು ಬೀಳುತ್ತದೆ, ಅಷ್ಟೇ."

ಅಷ್ಟೇ ಅಲ್ಲ ಎಂದು ಮೊದಲ ವರ್ಷವೇ ಗೊತ್ತಾಯಿತು. ಅವಳು ಹೇಳಿದ ಹಾಗೆ ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹತ್ತಿಯ ಹಾಳೆ ಇಟ್ಟು ಹೊಲಿದೆ. ಜುಲೈಯಲ್ಲಿ ಮುಗಿಯಿತು. ಸಂಭ್ರಮದಲ್ಲಿ ತೊಳೆದೂ ಬಿಟ್ಟೆ. ಎಂಟು ದಿನ ಫ್ಯಾನ್ ಕೆಳಗೆ ಹಾಕಿದರೂ ಒಣಗಲಿಲ್ಲ. ಒಳಗಿನ ಹತ್ತಿ ನೀರು ಕುಡಿದು ಕೂತಿತ್ತು. ಮೊದಲು ಮುಗ್ಗು ವಾಸನೆ, ಆಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕಿ. ಅದರ ಜೊತೆಗೆ ಮರೂನ್ ತುಂಡೊಂದು ಬಣ್ಣ ಬಿಟ್ಟು ಪಕ್ಕದ ಬಿಳಿಯೆಲ್ಲ ಗುಲಾಬಿ. ಎಸೆದೆ.

ತಂಗಿಯ ಮನೆಯಲ್ಲಿ ಚಳಿಗಾಲ ಪೂರ್ತಿ ಹೀಟರ್ ಓಡುತ್ತದೆ. ಒಳಗಿನ ಗಾಳಿ ಎಷ್ಟು ಒಣ ಎಂದರೆ ಒದ್ದೆ ಬಟ್ಟೆ ರಾತ್ರಿ ಹರಡಿದರೆ ಬೆಳಗ್ಗೆ ಗರಿಗರಿ. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಪ್ಪಿನ ಭರಣಿಯಲ್ಲೇ ನೀರು ನಿಲ್ಲುವ ಊರಲ್ಲಿ ಹತ್ತಿಯ ಹಾಳೆ ಒಣಗುವುದುಂಟಾ?

ದಾರಿ ತೋರಿಸಿದ್ದು ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ ಗದಗ ಕಡೆಯ ಅಜ್ಜಿ. ಮಗ ಇಲ್ಲಿ ಗಾರೆ ಕೆಲಸಕ್ಕೆ ಬಂದವನು. ನನ್ನ ಕಥೆ ಕೇಳಿ ನಕ್ಕರು. "ಹತ್ತಿ ಯಾಕ ಬೇಕ್ರೀ ಅಕ್ಕಾರ? ಹಳೇ ಸೀರಿ ಮ್ಯಾಲ ಸೀರಿ ಹಾಸ್ರಿ, ಸಾಕು."

ಲೆಕ್ಕ ಸುಲಭ. ಸೀರೆಯ ಉದ್ದ 18 ಅಡಿ, ಅಗಲ ಸುಮಾರು 45 ಇಂಚು. ಐದೈದು ಅಡಿಯ ಮೂರು ತುಂಡು ಮಾಡಿದರೆ ಮೂರಡಿ ಉಳಿಯುತ್ತದೆ. ಎರಡು ತುಂಡನ್ನು ಉದ್ದದ ಅಂಚಿಗೆ ಜೋಡಿಸಿದರೆ 90 ಇಂಚು ಉದ್ದ, 60 ಇಂಚು ಅಗಲದ ಒಂದು ಪದರ. ಎರಡು ಸೀರೆಗೆ ಮೂರು ಪದರ. ಅದರ ಮೇಲೆ ಚೂರುಬಟ್ಟೆಯ ಪದರ, ಉಳಿದ ಮೂರಡಿಗಳೂ ಅಲ್ಲಿಗೇ. ಒಟ್ಟು ನಾಲ್ಕು. ಒಮ್ಮೆ ಆಸೆಗೆ ಬಿದ್ದು ಆರು ಪದರ ಹಾಕಿದ್ದೆ. ಎರಡು ಸೂಜಿ ಮುರಿಯಿತು, ಬೆರಳಿನ ಕಥೆ ಬೇರೆ. ಸೀರೆ ಹಳೆಯದಾದಷ್ಟು ಒಳ್ಳೆಯದು. ಅಮ್ಮನ ಉಡುಪಿ ಕೈಮಗ್ಗದ ಸೀರೆ ಒಂದಿತ್ತು, ತೊಳೆದು ತೊಳೆದು ಬಾಳೆ ಸುಳಿಯಷ್ಟು ಮೆತ್ತಗಾಗಿತ್ತು. ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಪಾಲಿಸ್ಟರ್ ಮಾತ್ರ ಬೇಡವೇ ಬೇಡ.

ತಂಗಿ ನಡುವಿನಿಂದ ಹೊರಗೆ ಹೊಲಿಯುತ್ತಾಳೆ, ಹತ್ತಿ ಮುದ್ದೆಯಾಗಬಾರದಲ್ಲ. ಅಜ್ಜಿಯದು ಉಲ್ಟಾ. ನೆಲದ ಮೇಲೆ ಪದರ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಅಂಚಿನಿಂದ ಶುರು. ಸುತ್ತ ಒಂದು ಸಾಲು, ಅದರ ಒಳಗೆ ಬೆರಳಗಲ ಬಿಟ್ಟು ಇನ್ನೊಂದು. ಹೀಗೆ ತಿರುಗಿ ತಿರುಗಿ ನಡುವಿಗೆ ಬರಬೇಕು. ದಾರ ಎರಡೆಳೆ, ಮೇಣದಬತ್ತಿಗೆ ಒಮ್ಮೆ ಎಳೆದುಕೊಳ್ಳುತ್ತೇನೆ. ಸೂಜಿ ಬಿಗಿಯಾದರೆ ಅಜ್ಜಿ ಅದನ್ನು ತಲೆಕೂದಲಿಗೆ ಸವರುತ್ತಿದ್ದರು. ನನಗೆ ಮೊದಲು ಕಸಿವಿಸಿ. ಈಗ ಕೈ ತಾನಾಗಿ ತಲೆಗೆ ಹೋಗುತ್ತದೆ. ಕೊಬ್ಬರಿ ಎಣ್ಣೆ ಸೋಕಿದ ಸೂಜಿಗೆ ತುಕ್ಕೂ ಕಡಿಮೆ. ಇನ್ನೊಂದು ಲಾಭ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಅದು ಹೋಗುವುದೇ ಜಾಸ್ತಿ.

ಕೂತೇ ಇದ್ದರೆ ಸೊಂಟ ಹಿಡಿಯುತ್ತದೆ. ಅದಕ್ಕೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಸೂಜಿಯ ದಾರ ಮುಗಿದರೆ ಏಳಬೇಕು, ಕಿಟಕಿಯಾಚೆ ನೋಡಬೇಕು. ಮಳೆ ಹೊಳವಾಗಿದ್ದರೆ ಹೊರಡುವುದೇ. ಹೊಳವು ಇಪ್ಪತ್ತು ನಿಮಿಷವೂ ಇರಬಹುದು, ಎರಡು ಗಂಟೆಯೂ ಇರಬಹುದು. ಹತ್ತಿರದ ಗಲ್ಲಿಯಾದರೆ ಮುರಕಲ್ಲಿನ ಕಾಂಪೌಂಡ್ ಮೇಲೆ ಎದ್ದ ಜರಿಗಿಡ ನೋಡುತ್ತಾ ಹೋಗುತ್ತೇನೆ. ಹಾವಸೆ ಕಟ್ಟಿದ ಕಡೆ ಗೋಡೆ ಹಿಡಿದೇ ನಡೆಯುವುದು. ಒಮ್ಮೆ ಜಾರಿ ಬಿದ್ದು ಮಣಿಕಟ್ಟು ಊದಿ ಹದಿನೈದು ದಿನ ಸೂಜಿ ಹಿಡಿದಿಲ್ಲ. ಭಾನುವಾರ ಇವರ ಜೊತೆ ಮಣಿಪಾಲದ ಮಣ್ಣಪಳ್ಳಕ್ಕೆ. ಕೆರೆಯ ಸುತ್ತ ಒಳ್ಳೇ ದಾರಿ ಇದೆ, ಮಳೆಯಲ್ಲಿ ಜನವೂ ಕಡಿಮೆ.

ಮಲ್ಪೆಗೆ ವರ್ಷಕ್ಕೊಮ್ಮೆ, ಅದೂ ದೂರದಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ಸುಮ್ನೆ ನಿಂತಿರುತ್ತವೆ. ಕೊಡೆ ಬಿಡಿಸಲೇಬಾರದು, ಗಾಳಿಗೆ ಅಣಬೆ ತಿರುವಿದ ಹಾಗೆ ಆಗುತ್ತದೆ. ರೈನ್‌ಕೋಟೇ ಸರಿ. ಕಡಲಿನ ಆ ಮಣ್ಣುಬಣ್ಣವನ್ನು, ಮೇಲಿನ ಬೂದಿ ಆಕಾಶವನ್ನು ನೋಡಿಬಂದ ವರ್ಷ ನನ್ನ ಕೌದಿಯೂ ಅದೇ ಬಣ್ಣಕ್ಕೆ ತಿರುಗಿತ್ತು. ಇವರು ನೋಡಿ "ನೆಲ ಒರೆಸುವುದಕ್ಕಾ?" ಎಂದರು. ಅವರಿಗೆ ಆ ದಿನ ಪತ್ರೊಡೆ ಒಂದೇ ಹೋಳು.

ಮನೆಗೆ ಬಂದು ಕಾಲು ತೊಳೆದು, ಜೀರಿಗೆ ಕಷಾಯ ಕುಡಿದು ಕೂತರೆ ಮುಂದಿನ ದಾರ. ದಿನಕ್ಕೆ ಎರಡು ಗಂಟೆಯಂತೆ ಹೊಲಿದರೆ ಜೂನ್‌ನಲ್ಲಿ ಹಿಡಿದದ್ದು ಚೌತಿ ಹೊತ್ತಿಗೆ ನಡುವಿಗೆ ಬರುತ್ತದೆ. ಆದರೆ ತೊಳೆಯುವುದಿಲ್ಲ! ಮಡಚಿ ಇಡುತ್ತೇನೆ. ಅಕ್ಟೋಬರಿನಲ್ಲಿ ಬಿಸಿಲು ಗಟ್ಟಿಯಾದ ಮೇಲೆ ತೊಳೆದು, ಎರಡು ದಿನ ಎರಡೂ ಮಗ್ಗುಲು ಕಾಯಿಸಿ ಒಳಗೆ ತರುತ್ತೇನೆ.

ಕಳೆದ ವರ್ಷದ್ದು ತಂಗಿಗೆ ಹೋಯಿತು. ಒಂದೂವರೆ ಕೆಜಿ ತೂಗಿತು, ಊರಿಂದ ಹೋಗುವವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಗೆ ಜಾಗವೇ ಉಳಿಯಲಿಲ್ಲ. ಹೀಟರ್ ಇರುವ ಮನೆಯಲ್ಲಿ ಹೊದ್ದರೆ ಸೆಕೆಯಂತೆ. ಸೋಫಾದ ಮೇಲೆ ಹಾಸಿದ್ದಾಳೆ. ಉಪ್ಪಿನಕಾಯಿ ಯಾಕೆ ಕಳಿಸಲಿಲ್ಲ ಎಂದು ಈಗಲೂ ಕೇಳುತ್ತಾಳೆ.